ದೂರದ ನಿಕಾಹ್, ವೀಸಾದ ಪ್ರಶ್ನೆ

(ಕ್ಯಾಸನೂರಿನಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಕಳೆದ ವಾರ ನಮ್ಮ ಜಮಾಅತಿನ ಹಿರಿಯರೊಬ್ಬರು ಫೈಲು ಹಿಡಿದುಕೊಂಡು ನನ್ನ ಬಳಿ ಬಂದರು. ಮೊಬೈಲಿನ ವಿವಾಹ ಆ್ಯಪ್ ಮೂಲಕ ಅವರ ಮಗಳಿಗೆ ಕೆನಡಾದಲ್ಲಿರುವ ಹುಡುಗನ ಪರಿಚಯವಾಗಿತ್ತು. ಎರಡೂ ಮನೆಯವರು ವಿಚಾರಿಸಿ ಒಪ್ಪಿದರು. ಹುಡುಗನಿಗೆ ರಜೆ ಸಿಗಲಿಲ್ಲ. ಅವನು ತನ್ನ ಚಿಕ್ಕಪ್ಪನನ್ನು ವಕೀಲನನ್ನಾಗಿ ಮಾಡಿದ, ನಿಕಾಹ್ ಇಲ್ಲಿ ನಡೆಯಿತು. ಹುಡುಗ ಅದನ್ನು ವೀಡಿಯೋದಲ್ಲಿ ನೋಡಿದ. ಈಗ ಅರ್ಜಿ ಹಾಕಲು ಹೋದರೆ, ಈ ಮದುವೆಯ ಮೇಲೆ ಹೆಂಡತಿಯ ವೀಸಾ ಸಿಗುವುದಿಲ್ಲವಂತೆ. "ಹಝ್ರತ್, ಹಾಗಾದರೆ ನನ್ನ ಮಗಳ ನಿಕಾಹ್ ಸುಳ್ಳೇ?" ಎಂದು ಕೇಳಿದರು.

ಸುಳ್ಳಲ್ಲ. ಉಮ್ಮು ಹಬೀಬಾ(ರ) ಅಬಿಸೀನಿಯಾದಲ್ಲಿದ್ದರು, ಪ್ರವಾದಿ(ಸ)ರವರು ಮದೀನಾದಲ್ಲಿದ್ದರು. ನಡುವೆ ಸಮುದ್ರ. ಉಮ್ಮು ಹಬೀಬಾ(ರ) ಖಾಲಿದ್ ಬಿನ್ ಸಈದ್(ರ)ರನ್ನು ತಮ್ಮ ವಕೀಲರನ್ನಾಗಿ ನೇಮಿಸಿದರು. ನಜ್ಜಾಶಿ ದೊರೆ ಅಲ್ಲಿದ್ದ ಮುಸ್ಲಿಮರನ್ನೆಲ್ಲ ಕರೆಸಿ ನಿಕಾಹ್ ನಡೆಸಿದರು, 400 ದೀನಾರ್ ಮಹರ್ ಎಲ್ಲರೆದುರು ಕೊಟ್ಟರು, ಊಟ ಹಾಕಿಸಿದರು ಎಂದು ಚರಿತ್ರೆ ಹೇಳುತ್ತದೆ. ದೂರವಿತ್ತು, ಗುಟ್ಟಿರಲಿಲ್ಲ.

ಆದರೆ ಅಲ್ಲಾಹನ ಬಳಿಯ ಸಿಂಧುತ್ವ ಬೇರೆ, ವೀಸಾ ಅಧಿಕಾರಿಯ ಮುಂದಿನ ಸಾಕ್ಷ್ಯ ಬೇರೆ. ಮದುವೆಯ ಹೊತ್ತಿಗೆ ಗಂಡು ಹೆಣ್ಣು ಇಬ್ಬರೂ ಖುದ್ದು ಹಾಜರಿರದಿದ್ದರೆ, ಅಂಥ ಮದುವೆಯ ಆಧಾರದಲ್ಲಿ ಕೆನಡಾ ಸಂಗಾತಿಯನ್ನು ಕರೆಸಿಕೊಳ್ಳಲು ಬಿಡುವುದಿಲ್ಲ. ಫೋನು, ಇಂಟರ್‌ನೆಟ್, ವಕೀಲರ ಮೂಲಕದ ಮದುವೆಗಳೆಲ್ಲ ಇದರಲ್ಲಿ ಸೇರಿವೆ. 2015ರ ಜೂನ್ 11ರಿಂದ ಈ ನಿಯಮವಿದೆ. ಇದು ನಮ್ಮವರನ್ನು ಗುರಿ ಮಾಡಿದ್ದೆಂದು ಕೋಪಿಸಿಕೊಳ್ಳಬೇಡಿ. ಹೆಣ್ಣುಮಕ್ಕಳನ್ನು ಬಲವಂತದ ಮದುವೆಯಿಂದ ಕಾಪಾಡುವುದು ಅದರ ಒಂದು ಉದ್ದೇಶ, ಅದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಅಮೆರಿಕಕ್ಕೆ ನಿಶ್ಚಿತ ವಧುವಾಗಿ ಹೋಗುವವರೂ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಎರಡು ವರ್ಷದೊಳಗೆ ಒಮ್ಮೆಯಾದರೂ ಹುಡುಗನನ್ನು ಮುಖತಃ ಕಂಡಿರಬೇಕು. ಮದುವೆಗೆ ಮೊದಲು ಹೆಣ್ಣನ್ನು ಒಮ್ಮೆ ನೋಡು ಎಂದು ಪ್ರವಾದಿ(ಸ)ರವರು ಮುಗೀರಾ(ರ)ರಿಗೆ ಹೇಳಿದ್ದನ್ನು ನೆನಪಿಸಿಕೊಳ್ಳಿ.

ಆ ಹಿರಿಯರಿಗೆ ನಾನು ಹೇಳಿದ್ದಿಷ್ಟು: ಅಳಿಯ ಊರಿಗೆ ಬರಲಿ. ಇಬ್ಬರೂ ಒಂದೇ ಕಡೆ ಇದ್ದು ಇನ್ನೊಮ್ಮೆ ನಿಕಾಹ್ ಓದಿಸೋಣ, ತಪ್ಪೇನಿಲ್ಲ. ಆ ದಿನಾಂಕವನ್ನೇ ಸೊರಬದಲ್ಲಿ ವಿವಾಹ ನೋಂದಣಿ ಮಾಡಿಸೋಣ. ಹಳೆಯ ನಿಕಾಹ್ ಮುಚ್ಚಿಡಬೇಡಿ, ಅರ್ಜಿಯಲ್ಲಿ ಅದನ್ನೂ ಹೇಳಿ. ಸುಳ್ಳು ಮಾಹಿತಿ ಕೊಟ್ಟು ಸಿಕ್ಕಿಬಿದ್ದರೆ ಕೆನಡಾ ಐದು ವರ್ಷ ಬಾಗಿಲು ಮುಚ್ಚುತ್ತದೆ.

ನೋಂದಣಿಯ ವಿಷಯದಲ್ಲಿ ಒಂದು ಗೊಂದಲವಿದೆ. ವಕ್ಫ್ ಮಂಡಳಿಯೇ ವಿವಾಹ ಪ್ರಮಾಣಪತ್ರ ಕೊಡಬಹುದೆಂದು ನಮ್ಮ ಸರ್ಕಾರ 2023ರ ಆಗಸ್ಟ್ 30ರಂದು ಆದೇಶಿಸಿತ್ತು. ಹೈಕೋರ್ಟ್ 2024ರ ನವೆಂಬರ್‌ನಲ್ಲಿ ಅದಕ್ಕೆ ತಡೆ ನೀಡಿತು. ಆದ್ದರಿಂದ ಅದನ್ನು ನೆಚ್ಚಿ ಕೂರಬೇಡಿ, ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಿ.

ಇನ್ನು ಸಂಬಂಧ ನಿಜವೇ ಎಂಬ ಪ್ರಶ್ನೆ. ಅಲ್ಲಿ ಕೂತ ಅಧಿಕಾರಿಗೆ ನಮ್ಮ ಮಗಳ ಮುಖ ಗೊತ್ತಿಲ್ಲ. ಹೇಗೆ ಪರಿಚಯ, ಮದುವೆಗೆ ಯಾರು ಬಂದಿದ್ದರು, ಮನೆಯವರಿಗೆ ಗೊತ್ತೇ ಎಂದು ಕೇಳುತ್ತಾನೆ. ಆ್ಯಪ್‌ನಲ್ಲಿ ಪರಿಚಯವಾಯಿತೆಂದು ಹೇಳಲು ನಾಚಿ 'ದೂರದ ನೆಂಟರು' ಎಂದು ಬರೆಸುವವರಿದ್ದಾರೆ. ಮಗಳು ಒಂದು ಹೇಳಿ ಅಳಿಯ ಇನ್ನೊಂದು ಹೇಳಿದರೆ ನಿಜವಾದ ಸಂಬಂಧವೂ ನಾಟಕದಂತೆ ಕಾಣುತ್ತದೆ.

ನಾನೇ ಈ ಮಿಂಬರಿನಿಂದ ಸರಳ ನಿಕಾಹ್ ಮಾಡಿ ಎನ್ನುತ್ತೇನೆ. ಈಗಲೂ ಅದನ್ನೇ ಹೇಳುತ್ತೇನೆ, ವೀಸಾಕ್ಕಾಗಿ ಸಾಲ ಮಾಡಿ ಛತ್ರ ಹಿಡಿಯಬೇಡಿ. ಆದರೆ ಹತ್ತು ಜನರ ನಿಕಾಹ್‌ನಲ್ಲೂ ಎರಡೂ ಮನೆಯವರು ಕೂಡಿರುವ ನಾಲ್ಕು ಫೋಟೋ ಇರಲಿ. ಟಿಕೆಟು, ಹಣ ಕಳಿಸಿದ ರಸೀದಿ, ಕರೆಗಳ ದಾಖಲೆ ತೆಗೆದಿಡಿ. ನಾಚಿಕೆಯಿಂದ ಎಲ್ಲ ಮೆಸೇಜು ಅಳಿಸಿಬಿಡುವ ಹೆಣ್ಣುಮಕ್ಕಳಿದ್ದಾರೆ. ಗಂಡ ಹೆಂಡತಿಯ ಖಾಸಗಿ ಮಾತು ಯಾರಿಗೂ ತೋರಿಸಬೇಕಿಲ್ಲ, ದಿನವೂ ಮಾತಾಡಿದ್ದರು ಎಂಬುದು ಕಂಡರೆ ಸಾಕು. ಸಾಲವನ್ನೂ ಸಾಕ್ಷಿಯಿಟ್ಟು ಬರೆದಿಡಲು ಅಲ್ ಬಕರಾ ಸೂರಃ 282ನೇ ಸೂಕ್ತದಲ್ಲಿ ಅಲ್ಲಾಹನು ಆದೇಶಿಸಿದ್ದಾನೆ. ಮಗಳ ಬದುಕು ಸಾಲಕ್ಕಿಂತ ಕಡಿಮೆಯೇ?

ಮುತವಲ್ಲಿ ಸಾಹೇಬರಲ್ಲೂ ಒಂದು ವಿನಂತಿ. ನಿಕಾಹ್ ಪುಸ್ತಕದಲ್ಲಿ ಸಾಕ್ಷಿಗಳ ಹೆಸರು ಓದುವಂತಿರಲಿ. ಆಧಾರಿನಲ್ಲಿ 'ಬಾನು', ಶಾಲೆಯ ಟಿ.ಸಿ.ಯಲ್ಲಿ 'ಬೀಬಿ', ನಿಕಾಹ್‌ನಾಮಾದಲ್ಲಿ ಎರಡೂ ಇಲ್ಲ ಎಂದಾದರೆ ಹುಡುಗಿ ವರ್ಷಗಟ್ಟಲೆ ತವರಿನಲ್ಲೇ ಕಾಯಬೇಕಾಗುತ್ತದೆ. ಮಕ್ಕಳ ನಿಕಾಹ್ ಗೊತ್ತು ಮಾಡಿರುವವರು ಈ ಭಾನುವಾರ ಅಸರ್ ನಂತರ ಆಧಾರ್, ಟಿ.ಸಿ., ಪಾಸ್‌ಪೋರ್ಟ್ ತಂದು ಹೆಸರುಗಳನ್ನು ತಾಳೆ ನೋಡಿಸಿಕೊಳ್ಳಲಿ.