ಕಾರ್ಡು ಖಾಲಿ, ಬೂಟು ಭರ್ತಿ

32 ಜಿಬಿ ಕಾರ್ಡು. ಅದರಲ್ಲಿ 20 ಜಿಬಿಗೂ ಮೇಲೆ ಖಾಲಿ. ಆದರೂ ಅಪ್‌ಡೇಟ್ ಹಾಕಲು ಹೋದರೆ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂದು ಕೈಚೆಲ್ಲಿ ಕೂರುತ್ತದೆ. ಈ ಸಾಲು ಕಂಡವರು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತಾರೆ. ಹಾಡು, ಫೋಟೊ, ಹಳೇ ಲಾಗ್ ಎಲ್ಲ ಅಳಿಸುತ್ತಾರೆ. ಇಲ್ಲವೇ ಪೇಟೆಗೆ ಹೋಗಿ 64 ಜಿಬಿ ಕಾರ್ಡ್ ತಂದು, ಹಳೆಯದನ್ನು ಇದ್ದಹಾಗೇ ಅದಕ್ಕೆ ನಕಲಿಸುತ್ತಾರೆ. ಎರಡರಿಂದಲೂ ಪ್ರಯೋಜನವಿಲ್ಲ. ತುಂಬಿ ತುಳುಕುತ್ತಿರುವುದು ಕಾರ್ಡಿನ ಆರಂಭದಲ್ಲಿರುವ ಒಂದು ಪುಟ್ಟ ಭಾಗ ಮಾತ್ರ. ಅದರ ಹೆಸರು ಬೂಟ್ ಪಾರ್ಟಿಷನ್.

ತುಮಕೂರು ಜಿಲ್ಲೆಯ ಬಿಳಿಗೆರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಅಟ್ಟ ತೋರಿಸಿದರೆ ಸಾಕು, ಅರ್ಥವಾಗಿಬಿಡುತ್ತದೆ. ಉಂಡೆ ಕೊಬ್ಬರಿಗೆಂದು ಮೇಲೇರಿಸಿದ ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಒಣಗಬೇಕು. ಹಳೇ ಕಾಯಿ ಇಳಿಸದೆ ಹೊಸದನ್ನು ಏರಿಸಲು ಹೋದರೆ ಜಾಗ ಎಲ್ಲಿಂದ ಬರಬೇಕು? ಕೆಳಗೆ ನಡುಮನೆ ಎಷ್ಟು ಬಿಕೋ ಎನ್ನುತ್ತಿದ್ದರೂ ಅಟ್ಟಕ್ಕೆ ಅದರಿಂದ ಉಪಯೋಗವಿಲ್ಲ. ನಡುವೆ ಹಲಗೆ ಇದೆ.

ತೆಂಗಿನ ನಾಡಿಗೂ ಈ ಅಂಗೈಯಗಲದ ಕಂಪ್ಯೂಟರಿಗೂ ಏನು ನಂಟು ಎಂದು ಕೇಳುವವರಿಗೆ ಇದೇ ತುಮಕೂರು ಜಿಲ್ಲೆಯಲ್ಲಿ ಉತ್ತರವಿದೆ. ದೇವರಾಯನದುರ್ಗದ ಸುತ್ತಲ ಹಳ್ಳಿಗಳಲ್ಲಿ ಜನಸ್ತು ಎಂಬ ಸಂಸ್ಥೆ ಊರಿನವರೇ ನಡೆಸಬಹುದಾದ ವೈಫೈ ಜಾಲ ಕಟ್ಟುವ ಕೆಲಸ ಮಾಡಿದೆ. ಹೊರಗಿನ ಇಂಟರ್‌ನೆಟ್ ಇಲ್ಲದಿದ್ದರೂ ಊರೊಳಗೆ ಧ್ವನಿ, ಕಡತ ಹಂಚಿಕೊಳ್ಳಬಹುದಾದ ಜಾಲ ಅದು. ಇಂಥ ಕಡೆ ಸರ್ವರ್ ಎಂದರೆ ದೊಡ್ಡ ಪೆಟ್ಟಿಗೆಯೇನಲ್ಲ, ರಾಸ್‌ಬೆರಿ ಪೈಯಂಥ ಒಂದು ಬೋರ್ಡು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 2025ರ ನವೆಂಬರ್‌ನಲ್ಲಿ ಪರಿಚಯಿಸಿದ ‘ಕಿಯೋ’ ಎಂಬ ಅಗ್ಗದ ಕಂಪ್ಯೂಟರಿನ ಒಳಗೆ ರಿಸ್ಕ್-ಫೈವ್ ಪ್ರೊಸೆಸರ್ ಇದೆ, ಅದನ್ನು ನಡೆಸುವುದೂ ಪೈಯನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯೇ. ಶಾಲೆಗೆ, ತೋಟಕ್ಕೆ, ಗ್ರಂಥಾಲಯಕ್ಕೆ ಇಂಥವು ಬಂದು ಕೂತ ಮೇಲೆ, ಎರಡು ವರ್ಷ ಕಳೆದು ಅಪ್‌ಡೇಟ್ ಕೈಕೊಟ್ಟಾಗ ಬೆಂಗಳೂರಿನಿಂದ ಯಾರೂ ಬಸ್ ಹತ್ತಿ ಬರುವುದಿಲ್ಲ. ಊರಲ್ಲಿರುವವರೇ ನೋಡಿಕೊಳ್ಳಬೇಕು.

ಹಾಗಾದರೆ ಬೂಟ್ ಪಾರ್ಟಿಷನ್ ಎಂಬ ಈ ಪ್ರತ್ಯೇಕ ಭಾಗ ಇರುವುದೇಕೆ? ರಾಸ್‌ಬೆರಿ ಪೈಗೆ ಕರೆಂಟು ಕೊಟ್ಟ ಕ್ಷಣ ಅದಕ್ಕೆ ಲಿನಕ್ಸ್ ಗೊತ್ತಿರುವುದಿಲ್ಲ. ಚಿಪ್ಪಿನೊಳಗೆ ಸುಟ್ಟಿಟ್ಟ ಸಣ್ಣ ಪ್ರೋಗ್ರಾಮ್‌ಗೆ ಓದಲು ಬರುವುದು ಫ್ಯಾಟ್ ಎಂಬ ಹಳೇ ಕಾಲದ ಕಡತ ವ್ಯವಸ್ಥೆ. ಹಾಗಾಗಿ ಕಾರ್ಡಿನ ಮೊದಲ ಭಾಗವನ್ನು ಫ್ಯಾಟ್ ಮಾಡಿ, ಅದರಲ್ಲಿ ಎಬ್ಬಿಸುವ ಸಾಮಗ್ರಿಯನ್ನು ಇಟ್ಟಿರುತ್ತಾರೆ: ಫರ್ಮ್‌ವೇರ್ ಕಡತಗಳು, ಕಾನ್ಫಿಗ್ ಡಾಟ್ ಟಿಎಕ್ಸ್‌ಟಿ, ಬೋರ್ಡಿನ ಯಂತ್ರಾಂಗಗಳ ವಿವರ ಹೇಳುವ ಡಿಟಿಬಿ ಕಡತಗಳು, ಮತ್ತು ಲಿನಕ್ಸಿನ ಜೀವಾಳವಾದ ಕರ್ನಲ್. ಪೈ 4ರಿಂದೀಚೆಗೆ ಎರಡನೇ ಹೆಜ್ಜೆಯ ಪ್ರೋಗ್ರಾಮ್ ಕಾರ್ಡಿನಿಂದ ಬೋರ್ಡಿನ ಮೇಲಿನ ಇನ್ನೊಂದು ಚಿಪ್ಪಿಗೆ ಹೋಗಿದೆ. ಆದರೆ ಕರ್ನಲ್ ಮಾತ್ರ ಇವತ್ತಿಗೂ ಇದೇ ಭಾಗದಲ್ಲಿ ಕೂರುತ್ತದೆ.

2012ರಲ್ಲಿ ಪೈ ಬಂದಾಗ ಈ ಭಾಗಕ್ಕೆ 60 ಎಂಬಿ ಆಸುಪಾಸು ಸಾಕಾಗಿತ್ತು. ಪೈಯ ಲಿನಕ್ಸ್‌ನ 2019ರ ಬಸ್ಟರ್ ಆವೃತ್ತಿ ಅದನ್ನು 256 ಎಂಬಿಗೆ ಏರಿಸಿತು. 2023ರ ಅಕ್ಟೋಬರ್‌ನಲ್ಲಿ ಬಂದ ಬುಕ್‌ವರ್ಮ್ 512 ಎಂಬಿಗೆ ಕೊಂಡೊಯ್ದಿತು. ಸುಮ್ಮನೆ ಏರಿಸಿದ್ದಲ್ಲ. ಒಂದೇ ಕಾರ್ಡ್ ಎಲ್ಲ ಮಾದರಿಯ ಪೈಗಳಲ್ಲೂ ಓಡಲಿ ಎಂದು ಬೇರೆ ಬೇರೆ ಕರ್ನಲ್‌ಗಳನ್ನು ತುಂಬಿರುತ್ತಾರೆ. ಹಳೆಯ ಪೈಗೊಂದು, ಪೈ 2 ಮತ್ತು 3ಕ್ಕೊಂದು, ಪೈ 4ಕ್ಕೊಂದು, 64 ಬಿಟ್‌ಗೊಂದು, ಪೈ 5ಕ್ಕೊಂದು. ಬುಕ್‌ವರ್ಮ್‌ನಿಂದ ಈಚೆಗೆ ಒಂದೊಂದು ಕರ್ನಲ್ ಬೆನ್ನಿಗೂ ಇನಿಟ್‌ರಾಮ್‌ಎಫ್‌ಎಸ್ ಎಂಬ, ಡ್ರೈವರುಗಳನ್ನು ಕಟ್ಟಿಟ್ಟ ಇನ್ನೊಂದು ಗಂಟು. ಬೂಟ್ ಭಾಗ 256 ಎಂಬಿ ಇರುವ ಹಳೇ ಕಾರ್ಡನ್ನು ಇದ್ದಲ್ಲೇ ಹೊಸ ಆವೃತ್ತಿಗೆ ಏರಿಸಿಕೊಂಡವರಿಗೆ ಉಸಿರು ಕಟ್ಟುವುದು ಇಲ್ಲಿ.

ಇನ್ನೊಂದು ಗೊಂದಲವನ್ನು ಇಲ್ಲೇ ಬಗೆಹರಿಸಬೇಕು. ಪೈಯ ಕಾರ್ಡನ್ನು ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿದರೆ 32 ಜಿಬಿ ಕಾರ್ಡು 256 ಎಂಬಿ ಎಂದು ತೋರಿಸುತ್ತದೆ. ಅಂಗಡಿಯವನು ಡೂಪ್ಲಿಕೇಟ್ ಮಾಲು ಕೊಟ್ಟ ಎಂದು ಜಗಳಕ್ಕೆ ಹೋಗುವ ಮುನ್ನ ಒಂದು ನಿಮಿಷ. ವಿಂಡೋಸಿಗೆ ಲಿನಕ್ಸಿನ ದೊಡ್ಡ ಭಾಗ ಓದಲು ಬರುವುದಿಲ್ಲ, ಕಾಣುವುದು ಫ್ಯಾಟ್ ಭಾಗವೊಂದೇ. ಈ ಕುರುಡುತನವೇ ಮುಂದೆ ಕಷ್ಟಕಾಲಕ್ಕೆ ಒದಗುತ್ತದೆ.

ಈಗ ಕೆಲಸಕ್ಕೆ. ಮೊದಲ ಕಮಾಂಡ್: ಡಿಎಫ್, ಜಾಗ ಬಿಟ್ಟು ಹೈಫನ್ ಎಚ್. ಪರದೆಯಲ್ಲಿ ಬರುವ ಪಟ್ಟಿಯ ಕೊನೆಯ ಕಾಲಂನಲ್ಲಿ ‘ಬೂಟ್’ ಅಥವಾ ‘ಬೂಟ್ ಸ್ಲ್ಯಾಶ್ ಫರ್ಮ್‌ವೇರ್’ ಎಂದಿರುವ ಸಾಲನ್ನು ಹುಡುಕಬೇಕು. ಅದರ ಪಕ್ಕದಲ್ಲಿ ಶೇಕಡಾ 95, ಶೇಕಡಾ 98 ಎಂದಿದ್ದರೆ ರೋಗ ಇದೇ.

ಎರಡು ಹೆಸರೇಕೆ ಎಂಬುದು ಮುಖ್ಯ. ಬುಕ್‌ವರ್ಮ್‌ಗಿಂತ ಹಿಂದೆ ಈ ಪುಟ್ಟ ಭಾಗ ಸ್ಲ್ಯಾಶ್ ಬೂಟ್ ಎಂಬಲ್ಲೇ ಕಾಣುತ್ತಿತ್ತು. ಈಗ ಅದು ಸ್ಲ್ಯಾಶ್ ಬೂಟ್ ಸ್ಲ್ಯಾಶ್ ಫರ್ಮ್‌ವೇರ್‌ಗೆ ಸರಿದಿದೆ. ಅದರ ಹೊರಗಿರುವ ಸ್ಲ್ಯಾಶ್ ಬೂಟ್ ಈಗ ದೊಡ್ಡ ಭಾಗಕ್ಕೆ ಸೇರಿದ್ದು. ಹಳೇ ವಿಡಿಯೊ ನೋಡಿಕೊಂಡು ಅಲ್ಲಿನ ಕರ್ನಲ್‌ಗಳನ್ನು ಅಳಿಸಿದರೆ, ಮೊದಲೇ ಖಾಲಿ ಇದ್ದ ಕಡೆ ಇನ್ನಷ್ಟು ಖಾಲಿಯಾಗುತ್ತದೆ. ತುಂಬಿದ್ದು ತುಂಬಿಯೇ ಇರುತ್ತದೆ.

ಅಳಿಸುವುದಕ್ಕೆ ಮುಂಚೆ ಒಂದು ನಕಲು. ಭಾಗವೇ ಪುಟ್ಟದು, ದೊಡ್ಡ ಭಾಗದಲ್ಲಿ ಜಾಗ ಬೇಕಾದಷ್ಟಿದೆ. ಫರ್ಮ್‌ವೇರ್ ಫೋಲ್ಡರನ್ನು ಇಡಿಯಾಗಿ ಹೋಮ್ ಫೋಲ್ಡರಿಗೆ ಕಾಪಿ ಮಾಡಿ, ಅಲ್ಲಿಂದ ಪೆನ್‌ಡ್ರೈವಿಗೂ ಒಂದು ಪ್ರತಿ ಹಾಕಿದರೆ ಆಯಿತು. ಮುಂದೆ ಪೈ ಏಳದೇ ಹೋದರೂ ಕಾರ್ಡನ್ನು ಯಾವುದೇ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿ ಆ ಕಡತಗಳನ್ನು ಹಿಂದಕ್ಕೆ ಇಡಬಹುದು. ವಿಂಡೋಸಿಗೆ ಕಾಣುವುದು ಈ ಭಾಗವೇ ತಾನೇ!

ಒಳಗೇನಿದೆ ಎಂದು ಪಟ್ಟಿ ಹಾಕಿಸಿದಾಗ ಅಚ್ಚರಿಯ ಅತಿಥಿಗಳು ಸಿಗುತ್ತಾರೆ. ಉದಾಹರಣೆಗೆ ಎಫ್‌ಎಸ್‌ಸಿಕೆ0000 ಡಾಟ್ ಆರ್‌ಇಸಿ, ಎಫ್‌ಎಸ್‌ಸಿಕೆ0001 ಡಾಟ್ ಆರ್‌ಇಸಿ ಎಂದು ಸಾಲಾಗಿ ನಿಂತ ಕಡತಗಳು. ಇವುಗಳ ಹಿಂದೆ ಕರೆಂಟಿನ ಕಥೆ ಇದೆ. ಫ್ಯಾಟ್ ವ್ಯವಸ್ಥೆಗೆ ಜರ್ನಲ್ ಇಲ್ಲ, ಅಂದರೆ ಏನು ಬರೆಯುತ್ತಿದ್ದೆ ಎಂಬ ದಾಖಲೆ ಅದು ಇಟ್ಟುಕೊಳ್ಳುವುದಿಲ್ಲ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಯಾವ ಕಡತಕ್ಕೂ ಸೇರದ ಚೂರುಗಳು ಉಳಿಯುತ್ತವೆ. ಮುಂದಿನ ಸಲ ಬೂಟ್ ಆಗುವಾಗ ತಪಾಸಣೆ ನಡೆಸುವ ಎಫ್‌ಎಸ್‌ಸಿಕೆ ಆ ಚೂರುಗಳನ್ನು ಈ ಹೆಸರಿನಲ್ಲಿ ಕೂಡಿಡುತ್ತದೆ. ಮೋಟರಿಗೆ ತ್ರೀ ಫೇಸ್ ಯಾವಾಗ ಬರುತ್ತದೆ ಎಂದು ಕಾಯುವ ತೋಟದ ಮನೆಯಲ್ಲಿ, ಬ್ಯಾಟರಿ ಇಲ್ಲದೆ ಓಡುವ ಪೈಯೊಳಗೆ ಇವು ಬೆಳೆಯುವುದು ಸಹಜ. ಮುಖ್ಯ ಕಡತಗಳೆಲ್ಲ ಸರಿಯಿದ್ದು ಪೈ ಚೆನ್ನಾಗಿ ಏಳುತ್ತಿದ್ದರೆ ಇವನ್ನು ಧಾರಾಳವಾಗಿ ತೆಗೆಯಬಹುದು.

ಕಾರ್ಡನ್ನು ಆಪಲ್ ಮ್ಯಾಕಿಗೆ ಹಾಕಿ ಅಲ್ಲೇ ಅಳಿಸಿದವರಿಗೆ ಬೇರೆಯೇ ಫಜೀತಿ. ಅಳಿಸಿದ್ದು ಅದೇ ಭಾಗದೊಳಗಿನ ಅಡಗಿದ ಟ್ರ್ಯಾಶ್ ಫೋಲ್ಡರಿಗೆ ಹೋಗಿ ಕೂತಿರುತ್ತದೆ. ಟ್ರ್ಯಾಶ್ ಖಾಲಿ ಮಾಡುವವರೆಗೆ ಒಂದು ಎಂಬಿಯೂ ಬಿಡುಗಡೆಯಾಗುವುದಿಲ್ಲ. ಪೈಯಲ್ಲಿ ಉಬುಂಟು ಓಡಿಸುವವರಿಗೆ ಡಾಟ್ ಬಿಎಕೆ ಎಂದು ಮುಗಿಯುವ ಹಳೇ ಪ್ರತಿಗಳು ಕಾಣಬಹುದು. ಅವು ಹಿಂದಿನ ಕರ್ನಲ್‌ನ ಬ್ಯಾಕಪ್. ಹೊಸದು ನೆಟ್ಟಗೆ ಓಡುತ್ತಿದೆ ಎಂದು ಖಾತ್ರಿಯಾಗದೆ ಮುಟ್ಟಬಾರದು.

ಇನ್ನು ದೊಡ್ಡ ಗಿರಾಕಿ, ಬೇಡದ ಕರ್ನಲ್. ಇಲ್ಲಿ ಕಡತವನ್ನು ಕೈಯಾರೆ ಅಳಿಸುವುದು ತಪ್ಪು ದಾರಿ. ಪ್ಯಾಕೇಜ್ ವ್ಯವಸ್ಥೆಗೆ ಸುದ್ದಿಯೇ ಮುಟ್ಟದ ಕಾರಣ, ಮುಂದಿನ ಅಪ್‌ಡೇಟಿನಲ್ಲಿ ಅದು ಅದೇ ಕಡತವನ್ನು ಮತ್ತೆ ತಂದಿಡುತ್ತದೆ. ಮೊದಲು ‘ಯುನೇಮ್ ಹೈಫನ್ ಆರ್’ ಎಂದು ಕೇಳಬೇಕು. ಉತ್ತರ ‘ಆರ್‌ಪಿಐ ವಿ8’ ಎಂದು ಮುಗಿದರೆ ಈಗ ಓಡುತ್ತಿರುವುದು ಸಾಮಾನ್ಯ 64 ಬಿಟ್ ಕರ್ನಲ್. ‘2712’ ಎಂದು ಮುಗಿದರೆ ಪೈ 5ರದ್ದು. ಪೈ 4 ಇಟ್ಟುಕೊಂಡವರಿಗೆ 2712ರ ಕರ್ನಲ್ ಹೊರೆಯೇ ಸರಿ. ‘ಲಿನಕ್ಸ್ ಇಮೇಜ್’ ಎಂದು ಶುರುವಾಗಿ 2712 ಎಂದು ಮುಗಿಯುವ ಪ್ಯಾಕೇಜುಗಳನ್ನು ಎಪಿಟಿ ಪರ್ಜ್ ಕೊಟ್ಟು ತೆಗೆಯಬಹುದು. ಓಡುತ್ತಿರುವ ಕರ್ನಲ್ಲಿನ ಹೆಸರು ಅಳಿಸುವ ಪಟ್ಟಿಯಲ್ಲಿ ಕಂಡರೆ ಅಲ್ಲಿಗೇ ಕೈ ನಿಲ್ಲಿಸಬೇಕು. ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಡಿಎಫ್ ಹಾಕಿ, ಕಡತ ನಿಜಕ್ಕೂ ಹೋಯಿತೇ ನೋಡಬೇಕು. 32 ಬಿಟ್ ವ್ಯವಸ್ಥೆಯಲ್ಲಿ ಬೇರೆ ಮಾದರಿಗಳ ಕರ್ನಲ್ ತೆಗೆದವರು ಆಮೇಲೆ ಅದೇ ಕಾರ್ಡನ್ನು ಹಳೇ ಪೈಗೆ ಸಿಕ್ಕಿಸಿ, ಯಾಕೆ ಏಳುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುವುದುಂಟು.

ಇನಿಟ್‌ರಾಮ್‌ಎಫ್‌ಎಸ್ ಗಂಟನ್ನೂ ಸಣ್ಣದು ಮಾಡಬಹುದು. ಇಟಿಸಿ ಫೋಲ್ಡರಿನ ಇನಿಟ್‌ರಾಮ್‌ಎಫ್‌ಎಸ್ ಟೂಲ್ಸ್‌ನಲ್ಲಿರುವ ಸೆಟ್ಟಿಂಗ್ ಕಡತದಲ್ಲಿ ‘ಮಾಡ್ಯೂಲ್ಸ್ ಈಕ್ವಲ್ಸ್ ಮೋಸ್ಟ್’ ಎಂದಿದ್ದರೆ ಅದನ್ನು ‘ಡೆಪ್’ ಮಾಡುವುದು. ಆಗ ಜಗತ್ತಿನ ಎಲ್ಲ ಯಂತ್ರಾಂಗಗಳ ಡ್ರೈವರುಗಳ ಬದಲು ಈ ಬೋರ್ಡಿಗೆ ಬೇಕಾದವಷ್ಟೇ ಒಳಗೆ ಹೋಗುತ್ತವೆ. ಆಮೇಲೆ ಅಪ್‌ಡೇಟ್ ಇನಿಟ್‌ರಾಮ್‌ಎಫ್‌ಎಸ್ ಕಮಾಂಡನ್ನು ಓಡಿಸಬೇಕು.

ಇಷ್ಟು ಹೊತ್ತು ಹೇಳಿದ್ದು ಪೂರ್ತಿ ತುಂಬುವ ಮುನ್ನ ಮಾಡುವ ಕೆಲಸ. ಅಪ್‌ಡೇಟ್ ಅರ್ಧಕ್ಕೆ ನಿಂತು ಕೂತಿದ್ದರೆ? ಅಲ್ಲಿ ಒಂದೇ ಒಂದು ನಿಯಮ: ರೀಬೂಟ್ ಮಾಡಬಾರದು. ಪೈ ಈಗ ನಡೆಯುತ್ತಿರುವುದು ಮೆಮೊರಿಯಲ್ಲಿರುವ ಕರ್ನಲ್ ಮೇಲೆ. ಕಾರ್ಡಿನಲ್ಲಿರುವುದು ಅರ್ಧ ಬರೆದ ಕರ್ನಲ್ ಇದ್ದರೂ ಇರಬಹುದು. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ ಎಂಬ ಟಿವಿ ರಿಪೇರಿಯ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಮೊದಲು ಜಾಗ ಮಾಡಿಕೊಂಡು, ಡಿಪಿಕೆಜಿ ಎಂಬ ಪ್ಯಾಕೇಜ್ ಕಮಾಂಡಿಗೆ ‘ಹೈಫನ್ ಹೈಫನ್ ಕಾನ್ಫಿಗರ್, ಹೈಫನ್ ಎ’ ಕೊಟ್ಟು ಅರ್ಧಕ್ಕೆ ನಿಂತದ್ದನ್ನು ಮುಗಿಸಬೇಕು. ದೋಷದ ಸಾಲು ಒಂದೂ ಇಲ್ಲದೆ ಅದು ಮುಗಿದ ನಂತರವೇ ರೀಬೂಟ್.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ: ಆ ಭಾಗವನ್ನೇ ದೊಡ್ಡದು ಮಾಡಲಾಗದೇ? ಬಸ್ಟರ್ ಕಾಲದ ಕಾರ್ಡಿನಲ್ಲಿ ಬೂಟ್ ಭಾಗ 8,192ನೇ ಸೆಕ್ಟರಿನಲ್ಲಿ ಶುರುವಾಗಿ 5,32,479ರಲ್ಲಿ ಮುಗಿಯುತ್ತದೆ. ದೊಡ್ಡ ಭಾಗ ಶುರುವಾಗುವುದು 5,32,480ರಿಂದ. ಮಧ್ಯೆ ಕೂದಲೆಳೆಯ ಸಂದೂ ಇಲ್ಲ. ಬೂಟ್ ಬೆಳೆಯಬೇಕಾದರೆ ಪಕ್ಕದ ಇಡೀ ಭಾಗವನ್ನು ಮೊದಲು ಕುಗ್ಗಿಸಿ, ಆಮೇಲೆ ಬಲಕ್ಕೆ ಸರಿಸಬೇಕು. ಜಿಪಾರ್ಟೆಡ್ ಎಂಬ ತಂತ್ರಾಂಶ ಈ ಕೆಲಸ ಮಾಡುತ್ತದೆ, ಆದರೆ ಓಡುತ್ತಿರುವ ಪೈಯಲ್ಲಿ ಅಲ್ಲ. ಕಾರ್ಡ್ ತೆಗೆದು ಬೇರೆ ಲಿನಕ್ಸ್ ಕಂಪ್ಯೂಟರಿನಲ್ಲಿ. ಜಿಬಿಗಟ್ಟಲೆ ಮಾಹಿತಿ ಎದ್ದು ಬೇರೆಡೆ ಕೂರುವ ಹೊತ್ತಿಗೆ ಗಂಟೆಗಟ್ಟಲೆ ಹಿಡಿಯಬಹುದು, ನಡುವೆ ಕರೆಂಟು ಹೋದರೆ ಎಲ್ಲವೂ ಹೋಯಿತು. ಬ್ಯಾಟರಿ ಗಟ್ಟಿಯಿರುವ ಲ್ಯಾಪ್‌ಟಾಪ್ ಇಲ್ಲದವರು ಈ ಗೊಡವೆಗೆ ಹೋಗದಿರುವುದೇ ಲೇಸು.

ಇದಕ್ಕಿಂತ ಸಲೀಸು, ಹೊಸ ಕಾರ್ಡಿಗೆ ಹೊಸ ಇಮೇಜ್ ಬರೆಯುವುದು. ಆವೃತ್ತಿ ಬದಲಾಗುವಾಗ ಹೊಸದಾಗಿ ಹಾಕಿಕೊಳ್ಳುವುದೇ ಒಳ್ಳೆಯದೆಂದು ರಾಸ್‌ಬೆರಿ ಪೈಯವರೂ ಹೇಳುತ್ತಾರೆ. ರಾಸ್‌ಬೆರಿ ಪೈ ಇಮೇಜರ್‌ನಿಂದ ಬರೆದ ಈಗಿನ ಇಮೇಜಿನಲ್ಲಿ 512 ಎಂಬಿ ತಾನಾಗಿಯೇ ಸಿಗುತ್ತದೆ. ಹಳೇ ಕಾರ್ಡಿನಿಂದ ಹೋಮ್ ಫೋಲ್ಡರ್ ತರುವುದನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಬೇರೆಯವನ್ನು: ಡ್ರಿಪ್ ವಾಲ್ವನ್ನು ಬೆಳಗಿನ ಜಾವ ತೆರೆಯುವ ಕ್ರಾನ್‌ಟ್ಯಾಬ್ ಸಾಲು, ವೈಫೈ ಪಾಸ್‌ವರ್ಡ್, ಕಾನ್ಫಿಗ್ ಡಾಟ್ ಟಿಎಕ್ಸ್‌ಟಿಯಲ್ಲಿ ಸೆನ್ಸರಿಗೆಂದು ಯಾವಾಗಲೋ ಸೇರಿಸಿದ ಒಂದು ಸಾಲು. ಹೊಸ ಕಾರ್ಡಿನಲ್ಲಿ ಇವೆಲ್ಲ ಸರಿಯಾಗಿ ಓಡಿದ್ದನ್ನು ಕಣ್ಣಾರೆ ಕಾಣುವವರೆಗೆ ಹಳೇ ಕಾರ್ಡಿಗೆ ಹೆಸರು ಬರೆದು ಡಬ್ಬಿಯಲ್ಲಿ ಇಟ್ಟಿರಬೇಕು, ಫಾರ್ಮ್ಯಾಟ್ ಮಾಡಿ ಮೊಬೈಲಿಗೆ ಹಾಕಿಕೊಳ್ಳಬಾರದು.