ಕೋಟಗಢದ ಸೇಬಿನ ತೋಟ



ಶತಮಾನೋತ್ಸವದ ದಿನ ತೋಟದ ಮಾತೇಕೆ ಎನ್ನದಿರಿ. ಶಿಮ್ಲಾದಾಚೆಯ ಕೋಟಗಢದಲ್ಲಿ ಒಂದು ಕುಟುಂಬ ಬೆಳೆಸಿದ ಸೇಬಿನ ತೋಟದ ವೃತ್ತಾಂತವನ್ನು ನಿಮ್ಮ ಮುಂದಿಡಬಯಸುತ್ತೇವೆ.

ಅಮೆರಿಕದ ಸಿರಿವಂತ ಮನೆತನದ ಸ್ಯಾಮ್ಯುಯೆಲ್ ಸ್ಟೋಕ್ಸರು 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದರು. 1912ರಲ್ಲಿ ಅಲ್ಲಿಯ ಕ್ರೈಸ್ತ ಮನೆತನದ ಆಗ್ನೆಸರನ್ನು ವರಿಸಿ, ಆ ಬೆಟ್ಟದಲ್ಲಿಯೇ ಜಮೀನು ಕೊಂಡು ನೆಲೆನಿಂತರು. ಸೇಬು ಆ ಸೀಮೆಗೆ ಹೊಸದಾಗಿರಲಿಲ್ಲ. ಆದರೆ ಆಂಗ್ಲರು ತಂದಿದ್ದ ತಳಿಗಳ ಹುಳಿ ನಮ್ಮ ಜನರ ನಾಲಿಗೆಗೆ ಒಗ್ಗುತ್ತಿರಲಿಲ್ಲ. 1916ರ ಸುಮಾರಿಗೆ ಸ್ಟೋಕ್ಸರು ‘ರೆಡ್ ಡೆಲಿಶಸ್’ ಎಂಬ ಸಿಹಿ ತಳಿಯ ಸಸಿಗಳನ್ನು ಅಮೆರಿಕದಿಂದ ತರಿಸಿ ನೆಟ್ಟರು. 1921ರಲ್ಲಿ ಅವರ ತಾಯಿ ಕ್ರಿಸ್ಮಸ್ ಕಾಣಿಕೆಯಾಗಿ ‘ಗೋಲ್ಡನ್ ಡೆಲಿಶಸ್’ ಸಸಿಗಳನ್ನು ಕಳುಹಿಸಿದರಂತೆ. ಮಗನಾದರೋ ಅದೇ ಡಿಸೆಂಬರಿನಲ್ಲಿ ಸ್ವಾತಂತ್ರ್ಯ ಹೋರಾಟಕ್ಕಾಗಿ ಸೆರೆಮನೆಯಲ್ಲಿದ್ದರು! ಬೆಟ್ಟದ ಬಡವರನ್ನು ಹಿಂಡುತ್ತಿದ್ದ ಬಿಟ್ಟಿ ಚಾಕರಿಯ ವಿರುದ್ಧವೂ ಹೋರಾಡಿದವರು ಅವರು.

ತೋಟ ಫಲಿಸಿದಾಗ ತಳಿಯನ್ನು ಬಚ್ಚಿಡದೆ, ನೆರೆಯ ರೈತರಿಗೆ ಸಸಿ ಹಂಚಿ, ಬೆಳೆಸುವ ಕ್ರಮವನ್ನೂ ಕಲಿಸಿದರು. ಮನೆತನದ ಗುಟ್ಟನ್ನು ಮಕ್ಕಳಿಗೂ ಹೇಳದೆ ಕಣ್ಣುಮುಚ್ಚುವ ಹಿರಿಯರನ್ನು ನಾವು ಕಂಡಿಲ್ಲವೇ?

1932ರಲ್ಲಿ ಅವರು ಹಿಂದೂ ಧರ್ಮವನ್ನು ಸ್ವೀಕರಿಸಿ ಸತ್ಯಾನಂದರಾದರು. ಗುರುಗಳಾದ ನಮಗೆ ಇದನ್ನು ನುಡಿಯಲು ಸಂಕಟವಾಗುವುದು ನಿಜ. ಮುಚ್ಚಿಟ್ಟರೆ ಅದು ಸುಳ್ಳಾದೀತು. 1946ರಲ್ಲಿ ಅವರು ತೀರಿಕೊಂಡ ಮೇಲೆ ತೋಟವು ಮಕ್ಕಳ ಕೈಸೇರಿತು. ಹಂಚಿದ ಸಸಿಗಳ ಸಂತತಿಯಾದರೋ ಬೆಟ್ಟದಿಂದ ಬೆಟ್ಟಕ್ಕೆ ಹಬ್ಬಿತು.