ಮಿತವ್ಯಯ: ಮನೆ ಬಿಟ್ಟು ಓದಲು ಹೋಗುವವರಿಗೆ ಕೆಲವು ಮಾತು

(ಸಂಘದ ವಾರ್ಷಿಕ ಸಮಾವೇಶದಲ್ಲಿ ಪಿ.ಯು.ಸಿ. ಮುಗಿಸಿದ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)

 

ಇಂದು ಇಲ್ಲಿ ಬಹುಮಾನ ಪಡೆದ ಮಕ್ಕಳಲ್ಲಿ ಹಲವರು ಕೆಲವೇ ದಿನಗಳಲ್ಲಿ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಿಗೆ ಹೊರಡುತ್ತೀರಿ. ಪ್ರವೇಶ, ಶುಲ್ಕ, ವಿದ್ಯಾರ್ಥಿವೇತನಗಳ ಬಗ್ಗೆ ಹಿಂದೆ ಮಾತನಾಡಿದವರು ವಿವರವಾಗಿ ಹೇಳಿದ್ದಾರೆ. ನಾನು ಯಾರೂ ವೇದಿಕೆಯ ಮೇಲೆ ಮಾತನಾಡದ ಒಂದು ಸಣ್ಣ ವಿಷಯವನ್ನು ತೆಗೆದುಕೊಂಡಿದ್ದೇನೆ. ಅದು ಒಂಟಿಯಾಗಿ ಕೋಣೆ ಮಾಡಿಕೊಂಡಿರುವವರ ತಿಂಗಳ ಖರ್ಚು.

ಇದು ಸಣ್ಣ ವಿಷಯವೇ? ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಡಿಪ್ಲೊಮಾ ಎರಡನೆಯ ವರ್ಷದಲ್ಲಿ ಓದು ಬಿಟ್ಟು ಊರಿಗೆ ಬಂದ. ಫೀಸು ಕಟ್ಟಿ ಆಗಿತ್ತು, ಅಂಕಗಳೂ ಚೆನ್ನಾಗಿದ್ದವು. ಎರಡು ತಿಂಗಳ ಮೆಸ್ ಬಾಕಿ ಮತ್ತು ಒಂದು ತಿಂಗಳ ಬಾಡಿಗೆ ಕೊಡಲಾಗದೆ, ಅಬ್ಬಾನನ್ನು ಮತ್ತೆ ಕೇಳಲು ನಾಚಿಕೆಯಾಗಿ ಗಂಟುಮೂಟೆ ಕಟ್ಟಿದ್ದ. ಫೀಸಿಗೆ ಸಂಘ ಸಂಸ್ಥೆಗಳು ಸಹಾಯ ಮಾಡುತ್ತವೆ. ಮೆಸ್ ಬಾಕಿಗೆ ಯಾರನ್ನು ಕೇಳುವುದು? ದೊಡ್ಡ ಖರ್ಚನ್ನು ಮನೆಯವರೆಲ್ಲ ಸೇರಿ ಹೇಗೋ ಹೊಂದಿಸುತ್ತಾರೆ, ಸಣ್ಣ ಖರ್ಚುಗಳೇ ಓದನ್ನು ನಿಲ್ಲಿಸಿಬಿಡುತ್ತವೆ. ಆದ್ದರಿಂದಲೇ ಈ ಮಾತು.

ನಾನು ಉರ್ದು ಮತ್ತು ಕನ್ನಡ ಎರಡನ್ನೂ ಪಾಠ ಮಾಡುವವಳು. ಪದಗಳಿಂದಲೇ ಆರಂಭಿಸುತ್ತೇನೆ. ಉರ್ದುವಿನಲ್ಲಿ ಮಿತವ್ಯಯಕ್ಕೆ ‘ಕಿಫಾಯತ್’ ಎನ್ನುತ್ತೇವೆ. ಅದರ ಮೂಲಾರ್ಥ ‘ಸಾಕಾಗುವುದು’. ನಾವು ದಿನವೂ ಹೇಳುವ ‘ಕಾಫಿ ಹೈ’ ಎಂಬ ಮಾತಿನ ‘ಕಾಫಿ’ ಕೂಡ ಅದೇ ಮೂಲದ್ದು. ‘ಕಂಜೂಸಿ’ ಬೇರೆಯೇ ಪದ. ಕನ್ನಡದಲ್ಲಿಯೂ ಮಿತವ್ಯಯ ಬೇರೆ, ಜಿಪುಣತನ ಬೇರೆ. ಜಿಪುಣನಿಗೆ ಹಣ ಖರ್ಚಾಗಬಾರದು ಎಂಬ ಚಿಂತೆ. ಮಿತವ್ಯಯಿಗೆ ಇರುವ ಹಣ ತಿಂಗಳ ಕೊನೆಯವರೆಗೆ ಸಾಕಾಗಬೇಕು ಎಂಬ ಚಿಂತೆ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಮಾತು ಕೇಳಿ.

ಮೊದಲನೆಯದು ಕೋಣೆ. ಬಾಡಿಗೆ ಕಡಿಮೆ ಎಂದು ದೂರದಲ್ಲಿ ಕೋಣೆ ಹಿಡಿಯುವ ಮುನ್ನ ಲೆಕ್ಕ ಹಾಕಿ. ಬಾಡಿಗೆ 600 ರೂಪಾಯಿ ಕಡಿಮೆ ಇದ್ದು, ಬಸ್ಸಿಗೆ ದಿನಕ್ಕೆ 40 ರೂಪಾಯಿ ಹೆಚ್ಚಾದರೆ, 25 ದಿನಕ್ಕೆ 1,000 ರೂಪಾಯಿ ಆಯಿತು. ಉಳಿತಾಯ ಎಲ್ಲಿ ಬಂತು? ವಿದ್ಯಾರ್ಥಿ ಬಸ್ ಪಾಸನ್ನು ಮೊದಲ ವಾರವೇ ಮಾಡಿಸಿ. ರಾಜ್ಯದ ಹೆಣ್ಣುಮಕ್ಕಳಿಗೆ 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳ ಪ್ರಯಾಣದ ಖರ್ಚು ಉಳಿಯುತ್ತದೆ. ಅಡ್ವಾನ್ಸ್ ಕೊಟ್ಟಾಗ ರಸೀದಿ ಪಡೆಯಿರಿ. ಗೋಡೆ, ನಲ್ಲಿ, ಕಿಟಕಿಗಳ ಫೋಟೋ ತೆಗೆದಿಟ್ಟುಕೊಳ್ಳಿ. ಬಿಡುವಾಗ ‘ಇದು ನೀವು ಹಾಳು ಮಾಡಿದ್ದು’ ಎಂಬ ಮಾತು ಬಂದರೆ ಆ ಫೋಟೋವೇ ನಿಮ್ಮ ಸಾಕ್ಷಿ.

ಕರೆಂಟಿನ ಲೆಕ್ಕವೂ ತಿಳಿದಿರಲಿ. 1,000 ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬು ದಿನಕ್ಕೆ ಐದು ಗಂಟೆ ಉರಿದರೂ ತಿಂಗಳಿಗೆ ಒಂದೂವರೆ ಯೂನಿಟ್ ಆಗುವುದಿಲ್ಲ. ಆದರೆ ಬಕೆಟ್ಟಿಗೆ ಹಾಕುವ 1,500 ವ್ಯಾಟಿನ ಕಾಯಿಲು ದಿನಕ್ಕೆ ಅರ್ಧ ಗಂಟೆ ಇದ್ದರೆ ತಿಂಗಳಿಗೆ ಇಪ್ಪತ್ತೆರಡು ಯೂನಿಟ್ ದಾಟುತ್ತದೆ. ಓದುವ ದೀಪ ಆರಿಸಿ ಉಳಿಸಬೇಡಿ. ಕಾಯಿಲನ್ನು ಹಾಕಿ ಮರೆಯಬೇಡಿ, ಅದು ಜೀವಕ್ಕೂ ಅಪಾಯ. ಬಟ್ಟೆಗಳನ್ನು ದಿನಕ್ಕೊಂದರಂತೆ ಇಸ್ತ್ರಿ ಮಾಡದೆ ವಾರಕ್ಕೊಮ್ಮೆ ಒಟ್ಟಿಗೆ ಮಾಡಿ.

ಎರಡನೆಯದು ಊಟ. ಒಂಟಿಯಾಗಿರುವವರ ನಿಜವಾದ ಕಷ್ಟ ಏನೆಂದರೆ, ಅಂಗಡಿಯಲ್ಲಿ ಎಲ್ಲವೂ ಸಂಸಾರದ ಅಳತೆಯಲ್ಲಿ ಸಿಗುತ್ತದೆ. ಒಂದು ಕಟ್ಟು ಕೊತ್ತಂಬರಿ ತಂದರೆ ಅರ್ಧ ಕೊಳೆಯುತ್ತದೆ. ನಾನು ಬಿ.ಎಡ್. ಓದುವಾಗ ಪಕ್ಕದ ಕೋಣೆಯ ಇಬ್ಬರೊಂದಿಗೆ ಸೇರಿ ವಾರದ ಸಂತೆ ಮಾಡುತ್ತಿದ್ದೆ. ತರಕಾರಿ ಮೂರು ಪಾಲು, ಖರ್ಚು ಮೂರು ಪಾಲು. ಅಕ್ಕಿ, ಬೇಳೆಗಳನ್ನೂ ಹೀಗೆ ಒಟ್ಟಿಗೆ ತಂದು ಹಂಚಿಕೊಳ್ಳಬಹುದು. ಹೆಸರುಕಾಳು, ಹುರುಳಿ, ಕಡಲೆ ಕೆಡುವುದಿಲ್ಲ, ಫ್ರಿಜ್ ಬೇಕಿಲ್ಲ. ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ಬೇಗ ಬೇಯುತ್ತವೆ, ಗ್ಯಾಸೂ ಉಳಿಯುತ್ತದೆ. ಕುಕ್ಕರಿನಲ್ಲಿ ಎರಡು ಡಬ್ಬಿ ಇಟ್ಟು ಅನ್ನ, ಬೇಳೆ ಒಂದೇ ಸಲ ಬೇಯಿಸಿ. ಸೀಟಿ ಬಂದ ಮೇಲೆ ಉರಿ ತಗ್ಗಿಸಿ. 5 ಕೆ.ಜಿ.ಯ ಸಣ್ಣ ಸಿಲಿಂಡರು ವಿಳಾಸದ ದಾಖಲೆ ಇಲ್ಲದೆ, ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ. ಓಣಿಯ ಅಂಗಡಿಯಲ್ಲಿ ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ತುಂಬಿಸಿ ಕೊಡುವುದನ್ನು ಮಾತ್ರ ಮುಟ್ಟಬೇಡಿ.

ಅಮ್ಮಿ ಕಳಿಸುವ ಉಪ್ಪಿನಕಾಯಿ, ಚಟ್ನಿಪುಡಿ, ಹುರಿದ ರವೆಯನ್ನು ಸಂಕೋಚಪಡದೆ ತನ್ನಿ. ಹೋಟೆಲಿನ ಚಹಾ ದಿನಕ್ಕೆ ಎರಡು, ಒಂದಕ್ಕೆ 15 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 900 ರೂಪಾಯಿ. ಗೆಳೆಯರೊಂದಿಗೆ ಕುಡಿಯುವ ಒಂದು ಚಹಾ ಇರಲಿ, ಇನ್ನೊಂದನ್ನು ಕೋಣೆಯಲ್ಲಿ ಮಾಡಿಕೊಳ್ಳಿ. ಫೋನಿನಲ್ಲಿ ಊಟ ತರಿಸುವಾಗ ಊಟದ ಬೆಲೆಯ ಜೊತೆಗೆ ತಲುಪಿಸುವ ಶುಲ್ಕ, ಮತ್ತೊಂದು ಶುಲ್ಕ ಎಂದು ಸೇರುವುದನ್ನು ಒಮ್ಮೆ ಕೂಡಿಸಿ ನೋಡಿ.

ಮೂರನೆಯದು ಪುಸ್ತಕ. ಎನ್‌ಸಿಇಆರ್‌ಟಿ ಪಠ್ಯಗಳು ಅದರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಬೆಂಗಳೂರಿಗೆ ಹೋಗುವವರು ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳನ್ನು ನೋಡಿದ ಮೇಲೆಯೇ ಹೊಸ ಪುಸ್ತಕ ಕೊಳ್ಳಿ. ಸಾರ್ವಜನಿಕ ಗ್ರಂಥಾಲಯದಲ್ಲಿ ಪತ್ರಿಕೆ, ಪುಸ್ತಕದ ಜೊತೆಗೆ ಓದಲು ಒಂದು ಶಾಂತವಾದ ಜಾಗವೂ ಸಿಗುತ್ತದೆ.

ನಾಲ್ಕನೆಯದು ಫೋನು. ಇಂದು ಹಣ ಸೋರುವ ದೊಡ್ಡ ತೂತು ಇದೇ. ನೋಟು ಕೊಡುವಾಗ ಕೈ ಒಮ್ಮೆ ತಡೆಯುತ್ತದೆ, ಸ್ಕ್ಯಾನ್ ಮಾಡುವಾಗ ತಡೆಯುವುದಿಲ್ಲ. ಅದಕ್ಕೆ ಒಂದು ಉಪಾಯವಿದೆ. ಎರಡು ಖಾತೆ ಇಟ್ಟುಕೊಳ್ಳಿ. ಮನೆಯಿಂದ ಬಂದ ಹಣ ಒಂದರಲ್ಲಿ ಇರಲಿ. ಫೋನಿಗೆ ಜೋಡಿಸಿದ ಖಾತೆಗೆ ಪ್ರತಿ ಭಾನುವಾರ ಆ ವಾರದ ಖರ್ಚನ್ನು ಮಾತ್ರ ಹಾಕಿ. ಕನಿಷ್ಠ ಮೊತ್ತ ಇಡಬೇಕಿಲ್ಲದ ಮೂಲಭೂತ ಉಳಿತಾಯ ಖಾತೆಯನ್ನು ಬ್ಯಾಂಕಿನಲ್ಲಿ ಕೇಳಿ ತೆರೆಯಬಹುದು. ತಿಂಗಳಿಗೊಮ್ಮೆ ‘ಆಟೋಪೇ’ ಪಟ್ಟಿಯನ್ನು ತೆರೆದು ನೋಡಿ. ಎಂದೋ ಒಪ್ಪಿಗೆ ಕೊಟ್ಟು ಮರೆತ ಚಂದಾ ಹಣ ಸದ್ದಿಲ್ಲದೆ ಹೋಗುತ್ತಿರಬಹುದು.

ಇಷ್ಟೆಲ್ಲ ಉಳಿಸುವುದು ಯಾತಕ್ಕೆ? ಮೊದಲ ಗುರಿ ಒಂದು ತಿಂಗಳ ಬಾಡಿಗೆ ಮತ್ತು ಊಟದ ಹಣ ಕೈಯಲ್ಲಿ ಇರುವುದು. ಅಷ್ಟು ಹಣ ಇದ್ದಿದ್ದರೆ ನಾನು ಹೇಳಿದ ಆ ಹುಡುಗ ಇಂದು ಡಿಪ್ಲೊಮಾ ಮುಗಿಸಿರುತ್ತಿದ್ದ. ಆ ಹಣ ಇಲ್ಲದವನ ಫೋನಿಗೇ ‘ಐದು ನಿಮಿಷದಲ್ಲಿ ಸಾಲ’ ಎಂಬ ಸಂದೇಶ ಬರುವುದು. ತಿಂಗಳಿಗೆ ನೂರಕ್ಕೆ ಮೂರು ಎಂದರೆ ಕಡಿಮೆ ಎನಿಸುತ್ತದೆ, ವರ್ಷಕ್ಕೆ ಅದು 36. ಸಾಲದ ಆ್ಯಪ್‌ಗಳು ಫೋನಿನಲ್ಲಿರುವ ನಂಬರುಗಳನ್ನೂ ಫೋಟೋಗಳನ್ನೂ ತೆಗೆದುಕೊಳ್ಳಬಾರದು ಎಂದು ರಿಸರ್ವ್ ಬ್ಯಾಂಕು 2022ರಲ್ಲಿಯೇ ನಿಯಮ ಮಾಡಿದೆ. ಅವನ್ನು ಕೇಳುವ ಆ್ಯಪ್ ಕಂಡರೆ ಅಲ್ಲಿಂದಲೇ ಹಿಂದೆ ಸರಿಯಿರಿ.

ಉಳಿಸಿದ ಹಣ ಎಲ್ಲಿರಬೇಕು ಎಂಬುದೂ ಮುಖ್ಯ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗ ಅಂಗಡಿಯ ಮುಂದೆ ಅಳುತ್ತಾ ನಿಂತವರಲ್ಲಿ ನಮ್ಮ ತಾಯಂದಿರು, ಅಕ್ಕಂದಿರು ಎಷ್ಟೋ ಮಂದಿ ಇದ್ದರು. ಅವರು ಫುಜೂಲ್ ಖರ್ಚು ಮಾಡಿದವರಲ್ಲ. ಹತ್ತು ಹತ್ತು ರೂಪಾಯಿ ಕೂಡಿಟ್ಟವರು. ಹೆಚ್ಚು ಲಾಭದ ಮಾತಿಗೆ ಹನಿ ಹನಿಗೂಡಿದ ಹಳ್ಳ ಒಂದೇ ದಿನದಲ್ಲಿ ಬತ್ತಿತು. ಬ್ಯಾಂಕಿನಲ್ಲಿಟ್ಟ ಹಣಕ್ಕೆ 2020ರಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ ಇದೆ. ಪರಿಚಯದವರ ಸ್ಕೀಮಿಗೆ ಅಂಥ ರಕ್ಷಣೆ ಇಲ್ಲ.

ಕೊನೆಯದಾಗಿ, ಎಲ್ಲಿ ಉಳಿಸಬಾರದು ಎಂಬುದನ್ನೂ ಹೇಳಬೇಕು. ಬೆಳಿಗ್ಗೆಯ ತಿಂಡಿ ಬಿಟ್ಟು ಉಳಿಸಬೇಡಿ, ಉಪವಾಸದ ಹೊಟ್ಟೆಯಲ್ಲಿ ಪಾಠ ತಲೆಗೆ ಹೋಗುವುದಿಲ್ಲ. ಜ್ವರ ಬಂದಾಗ ವೈದ್ಯರ ಬಳಿ ಹೋಗುವುದನ್ನು ಮುಂದೂಡಬೇಡಿ. ಸರ್ಕಾರಿ ಆಸ್ಪತ್ರೆಗೆ ಹೋಗಿ, ಔಷಧಿಯನ್ನು ಜನೌಷಧಿ ಕೇಂದ್ರದಲ್ಲಿ ಕೇಳಿ, ಅಲ್ಲಿ ಕಂಪನಿಯ ಹೆಸರಿನ ಮಾತ್ರೆಗಿಂತ ಬಹಳ ಕಡಿಮೆ ಬೆಲೆ. ಹೆಣ್ಣುಮಕ್ಕಳೇ, ರಾತ್ರಿ ತಡವಾದರೆ ಆಟೋದ ಹಣ ಉಳಿಸಲು ಕತ್ತಲ ದಾರಿಯಲ್ಲಿ ನಡೆದು ಬರಬೇಡಿ. ಮನೆಗೆ ಫೋನ್ ಮಾಡುವುದನ್ನು ಕಡಿಮೆ ಮಾಡಬೇಡಿ. ಹಣ ಸಾಲದಿದ್ದರೆ ಮೊದಲ ತಿಂಗಳೇ ಮನೆಯಲ್ಲಿ ಹೇಳಿ, ಇಲ್ಲವೇ ನಿಮ್ಮ ಶಿಕ್ಷಕರಿಗೆ ಹೇಳಿ. ಬಾಕಿ ಒಂದು ತಿಂಗಳದ್ದಾಗಿದ್ದರೆ ದಾರಿ ಹುಡುಕಬಹುದು.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ಫೀಸಿಗೆ ಕೊಡುವ ನೆರವಿನ ಜೊತೆಗೆ, ತಿಂಗಳ ಬಾಕಿಗೆ ಸಿಕ್ಕಿಕೊಂಡ ಮಕ್ಕಳಿಗಾಗಿ ಒಂದು ಸಣ್ಣ ಕೈಗಡದ ನಿಧಿ ಇಡಲು ಸಾಧ್ಯವೇ ಎಂದು ದಯವಿಟ್ಟು ಯೋಚಿಸಿ. ಓದಿ ಕೆಲಸ ಹಿಡಿದವರು ಅದನ್ನು ತುಂಬಿಕೊಡುತ್ತಾರೆ ಎಂಬ ನಂಬಿಕೆ ನನಗಿದೆ.

ವಿದ್ಯಾರ್ಥಿಗಳೇ, ಊರು ಬಿಡುವಾಗ ಚೀಲದಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಮಲಗುವ ಮುನ್ನ ಆ ದಿನದ ಖರ್ಚನ್ನು ಬರೆಯಿರಿ, ಎರಡು ನಿಮಿಷ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ ಹಿರಿಯರು. ಹಾಸಿಗೆ ಎಷ್ಟಿದೆ ಎಂದು ತಿಳಿಯಬೇಕಾದರೆ ಬರೆದಿಡಲೇಬೇಕು.